ಮುಲಾಮು ಸ್ಟೇಷನ್ನೂ ಜೋಡಿ ಗುಂಡೂ

ನಮ್ಮ ಮನೆಯ ರೇಡಿಯೋಕ್ಕೆ ಒಂದು ಅಂಗಿ ಇತ್ತು. ಬಿಳಿ ಬಟ್ಟೆಯ ಮೇಲೆ ನೀಲಿ ನೂಲಿನ ಹೂ ಹಾಕಿ ಪಾರ್ವತಿ ಚಿಕ್ಕವ್ವ ಹೊಲಿದದ್ದು. ಅಜ್ಜ ಆ ಅಂಗಿ ತೆಗೆದರೆ ವಾರ್ತೆ ಶುರು. ತೊಡಿಸಿದರೆ ವಾರ್ತೆ ಮುಗಿಯಿತು, ಇನ್ನು ರೊಟ್ಟಿ ಮುರಿಯಬಹುದು ಎಂದರ್ಥ. ಗಾಳಿಬೀಡಿನ ಇಳಿಜಾರಿನಲ್ಲಿದ್ದ ಆ ಹೆಂಚಿನ ಮನೆಯ ನಡುಮನೆಯಲ್ಲಿ ಒಂದೇ ಗೋಡೆಗೆ ಮನೆಯ ಮರ್ಯಾದೆಯೆಲ್ಲ ತೂಗಿಕೊಂಡಿತ್ತು. ಮೇಲೆ ಅಜ್ಜನ ಜೋಡಿ ನಳಿಗೆಯ ಕೋವಿ, ಅದರ ಕೆಳಗೆ ಹಲಗೆಯ ಮೇಲೆ ರೇಡಿಯೋ, ಪಕ್ಕದಲ್ಲಿ ದೇವರ ತೂಗುದೀಪ. ಮಕ್ಕಳಾದ ನಾವು ಮೂರನ್ನೂ ಮುಟ್ಟುವಂತಿರಲಿಲ್ಲ. ಅಜ್ಜ ಪಲ್ಟನ್ನಿನಲ್ಲಿ ಸುಬೇದಾರರಾಗಿದ್ದು ನಿವೃತ್ತರಾದವರು. ಬೆಳಿಗ್ಗೆ ಹಾಸಿಗೆ ಸುತ್ತಿಟ್ಟಿದ್ದೇವೆಯೇ ಎಂದು ನೋಡಲು ಅವರು ಕೋಣೆಯಿಂದ ಕೋಣೆಗೆ ನಡೆಯುವ ಸದ್ದಿಗೇ ನಾವು ಎದ್ದು ಕೂರುತ್ತಿದ್ದೆವು. ಮುಖ ತೊಳೆಯುವುದು, ದೀಪಕ್ಕೆ ಕೈ ಮುಗಿಯುವುದು, ಬೆಲ್ಲದ ಕಾಫಿ, ಆಮೇಲೆ ವಾರ್ತೆ, ಆಮೇಲೆ ರೊಟ್ಟಿ. ಈ ಸಾಲು ತಪ್ಪಿದ ದಿನ ನನಗೆ ನೆನಪಿಲ್ಲ. ಮುಂದೆ ನಾನು ಹಾಸ್ಟೆಲಿನ ವಾರ್ಡನ್ ಆಗಿ ನೂರಾರು ಹೆಣ್ಣುಮಕ್ಕಳನ್ನು ಗಂಟೆ ಬಾರಿಸಿ ಎಬ್ಬಿಸಿದವಳು. ಆ ಗಂಟೆಯ ಹಗ್ಗದ ಇನ್ನೊಂದು ತುದಿ ಅಜ್ಜನ ಕೈಯಲ್ಲೇ ಇತ್ತು.

ರೇಡಿಯೋ ತಂದವರು ಕುಶಾಲಪ್ಪ ಚಿಕ್ಕಪ್ಪ. ಅಪ್ಪನ ತಮ್ಮ, ಪಾರ್ವತಿ ಚಿಕ್ಕವ್ವನ ಗಂಡ. ಅಜ್ಜನ ಹಾದಿಯಲ್ಲೇ ಅವರೂ ಸೈನ್ಯಕ್ಕೆ ಸೇರಿದ್ದರು. ಕೊಡಗು ಮೈಸೂರಿನೊಡನೆ ಸೇರಿ ಕೆಲವು ವರ್ಷಗಳಷ್ಟೇ ಆಗಿದ್ದವು. ನಮ್ಮ ಗುಡ್ಡಕ್ಕೆ ಕರೆಂಟು ಹತ್ತಿರಲಿಲ್ಲ. ಇಟ್ಟಿಗೆಯಷ್ಟು ದಪ್ಪದ ಬ್ಯಾಟರಿಯಿಂದ ರೇಡಿಯೋ ಮಾತಾಡುತ್ತಿತ್ತು, ಅಂಗಳದ ಸಿಲ್ವರ್ ಓಕ್ ಮರದಿಂದ ಮಾಡಿನ ತನಕ ಅದರ ತಂತಿ ಎಳೆದಿತ್ತು. ಬ್ಯಾಟರಿ ಬೇಗ ಮುಗಿಯಬಾರದೆಂದು ಹೊತ್ತುಹೊತ್ತಿಗೆ ಮಾತ್ರ ತೆರೆಯುವುದು. ತೆರೆದಾಗ ಏನು ಕೇಳಬೇಕು ಎಂಬುದೇ ಮನೆಯ ಜಗಳ. ಅಜ್ಜನಿಗೆ ಸರ್ಕಾರಿ ಸ್ಟೇಷನ್ನು ಬಿಟ್ಟರೆ ಬೇರೆ ಇಲ್ಲ. ಚಿಕ್ಕಪ್ಪ ರಜೆಯಲ್ಲಿ ಬಂದರೆ ಮುಳ್ಳು ತಿರುಗಿಸಿ ಕಡಲಾಚೆಯ ಇನ್ನೊಂದು ಸ್ಟೇಷನ್ನು ಹಿಡಿಯುತ್ತಿದ್ದರು. ಅಲ್ಲಿ ಸಿನಿಮಾ ಹಾಡು, ಹಾಡು ಬೇಕೆಂದು ಬರೆದವರ ಹೆಸರುಗಳು, ಎರಡು ಹಾಡುಗಳ ನಡುವೆ ತಲೆನೋವಿನ ಮುಲಾಮಿನ ಜಾಹೀರಾತು. ಅಜ್ಜ ಅದಕ್ಕೆ ಮುಲಾಮು ಸ್ಟೇಷನ್ ಎಂದು ಹೆಸರಿಟ್ಟಿದ್ದರು.

"ಅಪ್ಪ, ನಿಮ್ಮ ಈ ವಾರ್ತೆಯವಂಗೆ ಹೊಟ್ಟೆನೋವು ಉಟ್ಟಾ? ನಗುದೇ ಇಲ್ಲೆ," ಎಂದು ಚಿಕ್ಕಪ್ಪ ಕೆಣಕುತ್ತಿದ್ದರು.

"ಅಂವ ನಿನ್ನ ನಗ್ಸಿಕೆ ಕೂತದಲ್ಲ. ರೇಡಿಯೋಕ್ಕೆ ವರ್ಷವರ್ಷ ಲೈಸೆನ್ಸ್ ಕಟ್ಟುದು ನಾವು. ಅಂವ ನಮ್ಮ ಸಂಬಳದವ. ತಪ್ಪು ಹೇಳ್ದರೆ ನಂಗೆ ಕೇಳಿಕೆ ಹಕ್ಕುಟ್ಟು."

"ಹಾಂಗಾರೆ ಈ ಸ್ಟೇಷನ್‌ನವು? ಕಾಸೂ ಕೇಳುದಿಲ್ಲೆ, ಬೇಕಾದ ಹಾಡು ಹಾಕುವೆ."

"ಅದ್ಕೆ ಅನ್ನ ಹಾಕುದು ಮುಲಾಮಿನವ. ಅದ್ ಹೇಳುದು ಅನ್ನ ಹಾಕ್ದವನ ಹಾಡು. ನೀ ಅಲ್ಲಿ ಕೇಳುವವ ಅಲ್ಲ, ತಲೆನೋವು ಇರುವವ ಅಷ್ಟೇ."

ಆಗ ಒಳಗಿನಿಂದ ಅಜ್ಜಿ:

"ನಿಮ್ಮ ಇಬ್ಬರ ಜಗಳಲಿ ನಂಗೆ ತಲೆನೋವು ಬಂದುಟ್ಟು. ಆ ಮುಲಾಮಿನವನೇ ಒಳ್ಳೆವ."

ಚಿಕ್ಕಪ್ಪ ರಜೆ ಮುಗಿಸಿ ಹೊರಡುವ ಮೊದಲು ಪ್ರತಿಸಲವೂ ಹಾಡು ಬೇಕೆಂದು ಮುಲಾಮು ಸ್ಟೇಷನ್ನಿಗೆ ಒಂದು ಕಾರ್ಡು ಹಾಕಿಸುತ್ತಿದ್ದರು. ತಾನು ಹೋದ ಮೇಲೆ ಎಂದಾದರೊಂದು ದಿನ ತನ್ನ ಹೆಸರೂ ಚಿಕ್ಕವ್ವನ ಹೆಸರೂ ಒಟ್ಟಿಗೆ ಗಾಳಿಯಲ್ಲಿ ಬರಬೇಕು ಎಂಬ ಆಸೆ. ಅಜ್ಜ ತೋಟಕ್ಕೆ ಇಳಿದಾಗ ಅಜ್ಜಿಯೂ ಚಿಕ್ಕವ್ವನೂ ಆ ಸ್ಟೇಷನ್ನು ಹಾಕಿ ಕಾಯುತ್ತಿದ್ದರು. ಅಜ್ಜನಿಗೆ ಗೊತ್ತಿತ್ತು ಅಂತ ಕಾಣುತ್ತದೆ. ಬ್ಯಾಟರಿ ಬೇಗ ಮುಗಿದುದಕ್ಕೆ ಅವರು ಯಾರನ್ನೂ ಗದರಿದ್ದನ್ನು ನಾನು ನೋಡಲಿಲ್ಲ.

ಇದನ್ನೆಲ್ಲ ಈಗ ಬರೆಯಲು ಒಂದು ಕಾರಣವಿದೆ. ಮೊನ್ನೆ ಸುಂಟಿಕೊಪ್ಪದ ತಂಗಿಯ ಮನೆಯಲ್ಲಿ ಟೀವಿ ಓಡುತ್ತಿತ್ತು. ಗಡಿಯಲ್ಲಿ ಗಂಡ ಸತ್ತ ಸುದ್ದಿ ಆಗಷ್ಟೇ ತಿಳಿದ ಒಬ್ಬ ಹುಡುಗಿಯ ಬಾಯಿಗೆ ಮೈಕು ಹಿಡಿದು, ಈ ಕ್ಷಣ ನಿಮಗೆ ಏನನಿಸುತ್ತಿದೆ ಎಂದು ಒಬ್ಬ ಕೇಳುತ್ತಿದ್ದ. ಅವಳಿಗೆ ಸುದ್ದಿ ಮುಟ್ಟಿಸಿದವನೂ ಅವನೇ ಇರಬೇಕು, ಅಷ್ಟು ಬೆರಗಿನಿಂದ ಅವಳು ಅವನನ್ನು ನೋಡುತ್ತಿದ್ದಳು. ಅವಳು ಬಾಯಿ ತೆರೆಯುವಷ್ಟರಲ್ಲಿ ಸಣ್ಣ ವಿರಾಮ ಬಂತು, ಸಾಬೂನು ಬಂತು. ನಾನು ಎದ್ದು ಹೋಗಿ ಸ್ವಿಚ್ಚು ಆರಿಸಿದೆ. ಇನ್ನೊಬ್ಬರ ಮನೆಯಲ್ಲಿ ಹಾಗೆ ಮಾಡಬಾರದೆಂಬುದೂ ಮರೆತುಹೋಗಿತ್ತು. ತಂಗಿಯ ಮಗಳು ನನ್ನನ್ನು ನೋಡಿ ದಂಗಾದಳು, ನಾನು ಅವಳನ್ನು ನೋಡಿ ದಂಗಾದೆ.

"ದೊಡ್ಡವ್ವ, ಎಂತ ಆತ್? ನೀವು ಆ ಸರ್ಕಾರಿ ಚಾನೆಲ್ಲೇ ನೋಡಿ. ಅಲ್ಲಿ ಓದುವವು ನಿದ್ದೆಲಿ ಇರುವಂಗೆ ಓದುವೆ."

"ನಿದ್ದೆ ಮಾಡುವವ ಕದಿಯಿಕೆ ಬರುದಿಲ್ಲೆ ಮಗಾ," ಎಂದೆ.

ಅವಳಿಗೆ ಅರ್ಥವಾಗಲಿಲ್ಲ. ಅರ್ಥವಾಗಬೇಕಾದರೆ ಆ ಚಳಿಗಾಲದ ನಮ್ಮ ಅಂಗಳದಲ್ಲಿ ಅವಳು ನಿಂತಿರಬೇಕಿತ್ತು.

ಉತ್ತರದ ಗಡಿಯಲ್ಲಿ ಯುದ್ಧ ಶುರುವಾದಾಗ ಚಿಕ್ಕಪ್ಪನ ಪಲ್ಟನ್ ಅಲ್ಲೇ ಇತ್ತು. ಕಾಗದಗಳು ನಿಂತವು. ಮನೆಯಲ್ಲಿ ವಾರ್ತೆಯ ಹೊತ್ತಿಗೆ ಒಲೆಯ ಮೇಲಿನ ಪಾತ್ರೆ ಕೂಡ ಸದ್ದು ಮಾಡಬಾರದು. ಸರ್ಕಾರಿ ಸ್ಟೇಷನ್ನು ಎಲ್ಲವನ್ನೂ ಹೇಳುತ್ತಿತ್ತು ಎಂದು ನಾನು ಹೇಳಲಾರೆ. ನಮ್ಮವರು ಹಿಂದಕ್ಕೆ ಸರಿದು ಹೊಸ ನೆಲೆಯಲ್ಲಿ ನಿಂತಿದ್ದಾರೆ ಎಂದು ಅದೇ ಬಣ್ಣವಿಲ್ಲದ ದನಿಯಲ್ಲಿ ಅದು ಓದಿದ ದಿನ ಅಜ್ಜ ಬಿಳಿಚಿಕೊಂಡರು. "ಸರಿದದಲ್ಲ. ಓಡಿದ್," ಎಂದರು. ಹಳೇ ಸಿಪಾಯಿಗೆ ಆ ಮಾತಿನೊಳಗಿನ ಮಾತು ಕೇಳಿಸಿತ್ತು. ರೇಡಿಯೋಕ್ಕೆ ಅಂಗಿ ತೊಡಿಸುತ್ತಾ ತಮಗೇ ಹೇಳಿಕೊಳ್ಳುವಂತೆ, "ನಾಚಿಕೆಲಿ ಮೆಲ್ಲ ಹೇಳಿತ್. ಆದ್ರೂ ಗೆದ್ದೊ ಅಂತ ಸುಳ್ಳ್ ಹೇಳಿತ್ಲೆ," ಎಂದರು. ಆಮೇಲೆ ಸೈನ್ಯದಿಂದ ತಂತಿ ಬಂತು. ಕುಶಾಲಪ್ಪ ಕಾಣೆಯಾಗಿದ್ದಾರೆ. ಸತ್ತಿದ್ದಾರೆ ಎಂದಿಲ್ಲ, ಸೆರೆ ಸಿಕ್ಕಿದ್ದಾರೆ ಎಂದಿಲ್ಲ. ಕಾಣೆ.

ನಮ್ಮ ಕಡೆ ಸುದ್ದಿ ಸಾರುವುದು ಕೋವಿ. ಗಂಡುಮಗು ಹುಟ್ಟಿದರೆ ಒಂದು ಗುಂಡು, ಮನೆಯಲ್ಲಿ ಸಾವಾದರೆ ಒಂದರ ಹಿಂದೆ ಒಂದು ಜೋಡಿ ಗುಂಡು. ನಾನು ಹುಟ್ಟಿದಾಗ ಕೋವಿ ಗೋಡೆಯಿಂದ ಇಳಿಯಲಿಲ್ಲ, ಅದು ಬೇರೆ ಮಾತು. ಜೋಡಿ ಗುಂಡು ಕೇಳಿದರೆ ಗುಡ್ಡದ ಆಚೆಯವರು ಯಾರು, ಏನು ಎಂದು ವಿಚಾರಿಸುತ್ತಾ ಕೂರುವುದಿಲ್ಲ. ಕೈಯ ಕೆಲಸ ಬಿಟ್ಟು, ಬಿಳಿ ಉಟ್ಟು, ಸದ್ದು ಬಂದ ದಿಕ್ಕಿಗೆ ನಡೆಯುತ್ತಾರೆ. ಆ ಸದ್ದನ್ನು ಯಾರೂ ಆಟಕ್ಕೆ ಹೊಡೆಯುವುದಿಲ್ಲ, ಹಂದಿ ಬೇಟೆಯಲ್ಲೂ ಬೆನ್ನುಬೆನ್ನಿಗೆ ಎರಡು ಹೊಡೆಯಲು ಹಿಂಜರಿಯುತ್ತಾರೆ. ಹಾಗಿರುವಾಗ ಕಾಣೆಯಾದವನಿಗೆ ಏನು ಮಾಡಬೇಕು? ಎದುರು ಗುಡ್ಡದ ಚಿಣ್ಣಪ್ಪಜ್ಜ ನಮ್ಮ ಅಜ್ಜನಿಗೆ ವರಸೆಯಲ್ಲಿ ತಮ್ಮ. ವಾರಗಳು ಕಳೆದ ಮೇಲೆ ಅವರು ಬಂದು ಜಗಲಿಯಲ್ಲಿ ಕೂತರು.

"ಅಣ್ಣ, ನಾ ಹೇಳುದು ತಪ್ಪಾದರೆ ಬೈಯಿರಿ. ಗುಂಡು ಹೊಡ್ದು ಕ್ರಿಯೆ ಮುಗ್ಸಿ. ಆ ಗೂಡೆ ಪಾರ್ವತಿ ಹೆಂಡ್ತಿಯಾ ಮುಂಡೆಯಾ ಅಂತ ಅವಳಿಗೇ ಗೊತ್ತಿಲ್ಲೆ. ಅವಳ ತವರಿನವು ಕೇಳ್ತಾ ಒಳೊ."

"ಸರ್ಕಾರ ಹೇಳ್ಲಿ. ಹೇಳ್ದ ದಿನ ಹೊಡಿನೆ."

"ಸರ್ಕಾರ ಹೇಳದೆ ಇದ್ದರೆ?"

ಅಜ್ಜ ಎದ್ದರು. ಒಳಗೆ ಹೋಗಿ ಪೆಟ್ಟಿಗೆಯಿಂದ ಕೋವಿಗೆ ತುಂಬುವ ಎರಡು ತೋಟೆ ತೆಗೆದು ರೇಡಿಯೋದ ಅಂಗಿಯ ಕೆಳಗೆ ಇಟ್ಟರು. ಅಂದಿನಿಂದ ವಾರ್ತೆಗೆಂದು ಅಂಗಿ ತೆಗೆದಾಗಲೆಲ್ಲ ಆ ಕೆಂಪು ತೋಟೆಗಳು ನಮ್ಮೆಲ್ಲರ ಕಣ್ಣಿಗೆ ಬೀಳುತ್ತಿದ್ದವು. ಚಿಕ್ಕವ್ವ ಮಾತ್ರ ಅವನ್ನು ನೋಡದೆ ರೇಡಿಯೋದ ಬಾಯಿಯನ್ನೇ ನೋಡುತ್ತಿದ್ದರು.

ಕಾಫಿ ಒಣಗಿಸುವ ದಿನಗಳು. ಅಜ್ಜ ಒಂದು ದಿನ ಚಿಕ್ಕಪ್ಪನ ವಿಷಯ ವಿಚಾರಿಸಲು ಮಡಿಕೇರಿಗೆ ಹೋಗಿದ್ದರು. ಅಪ್ಪ ಅಂಗಳದಲ್ಲಿ ಒಣಹಾಕಿದ ಕಾಫಿಯನ್ನು ಎಳೆದು ಹರಡುತ್ತಿದ್ದರು, ನಾನು ಕೋಳಿ ಓಡಿಸುತ್ತಿದ್ದೆ. ಬಿಸಿಲು ಇಳಿಯುವ ಹೊತ್ತಿಗೆ ಚಿಕ್ಕವ್ವ ಮೊರ ಹಿಡಿದುಕೊಂಡೇ ಬಾಗಿಲಲ್ಲಿ ನಿಂತರು.

"ಅತ್ತೆ, ಒಂಚೂರು ಹಾಡು ಕೇಳನಾ? ಮಾವ ಇಲ್ಲೆ."

"ಹಾಕ್ ಮಗಾ. ಎಷ್ಟ್ ದಿನ ಅಂತ ಆ ಹೊಟ್ಟೆನೋವಿನವನ್ನೇ ಕೇಳುದು."

ಒಂದು ಹಾಡು ಮುಗಿಯಿತು. ಮುಲಾಮು ಬಂತು, ಹೋಯಿತು. ಆಮೇಲೆ ಆ ಸ್ಟೇಷನ್ನಿನ ಮಾತುಗಾರ, ನಗು ತುಂಬಿದ ದನಿಯವನು, ಉಸಿರು ಎಳೆದು ಕೂಗಿದ.

"ಮುಂದಿನ ಹಾಡನ್ನು ಕೇಳಿರುವವರು, ಯುದ್ಧಭೂಮಿಯಿಂದ ನಮ್ಮ ವೀರ ಯೋಧ, ಕೊಡಗಿನ ಗಾಳಿಬೀಡಿನ ಕುಶಾಲಪ್ಪ! ತಮ್ಮ ಮನದನ್ನೆ ಪಾರ್ವತಿಗಾಗಿ!"

ಚಿಕ್ಕವ್ವನ ಕೈಯ ಮೊರ ವಾಲಿ ಕಾಫಿ ಬೀಜ ನೆಲದ ತುಂಬ ಹರಡಿತು. ಅವರು ಕೂಗಲಿಲ್ಲ. ರೇಡಿಯೋದ ಹತ್ತಿರ ಓಡಿ, ಕತ್ತು ಬಗ್ಗಿಸಿ, ಅದರ ಹಿಂಬದಿಗೆ ಇಣುಕಿ ನೋಡಿದರು. ಚಿಕ್ಕಪ್ಪ ಅಲ್ಲಿ ಅಡಗಿ ಕೂತಿದ್ದಾರೆ ಎನ್ನುವ ಹಾಗೆ. ಅಜ್ಜಿಗೆ ಅಳುವೂ ನಗುವೂ ಒಟ್ಟಿಗೆ ಬಂತು. ಕೆಳಗಿನ ಎಸ್ಟೇಟಿನ ಲೆಕ್ಕ ಬರೆಯುವ ರೈಟರ ಮನೆಯಲ್ಲೂ ರೇಡಿಯೋ ಇತ್ತು, ಅಲ್ಲಿ ದಿನವಿಡೀ ಮುಲಾಮು ಸ್ಟೇಷನ್ನೇ. ಆತ ಏದುಸಿರು ಬಿಡುತ್ತಾ ಗುಡ್ಡ ಹತ್ತಿ ಬಂದ. "ಅಮ್ಮಾ, ಕೇಳಿದ್ರಾ? ನಾನೂ ಕೇಳಿದೆ, ನನ್ನ ಹೆಂಡ್ತಿಯೂ ಕೇಳಿದಳು, ಅದೇ ಹೆಸರು!" ಎಂದ. ಇನ್ನು ಯಾವ ಸಾಕ್ಷಿ ಬೇಕು? ಅಜ್ಜಿ ಅಪ್ಪನನ್ನು ಕೂಗಿದರು.

"ಕೋವಿ ತೆಗಿ ಮಗಾ! ಒಂದ್ ಗುಂಡ್ ಹೊಡಿ! ನನ್ನ ಮಗ ಇನ್ನೊಮ್ಮೆ ಹುಟ್ಟಿಯುಟ್ಟು!"

ಅಪ್ಪ ಕಾಫಿಯ ಧೂಳು ಮೆತ್ತಿದ ಕೈಯಲ್ಲೇ ಕೋವಿ ಇಳಿಸಿದರು. ಹತ್ತಿರದಲ್ಲಿ ಇದ್ದ ತೋಟೆಗಳೆಂದರೆ ರೇಡಿಯೋದ ಅಂಗಿಯ ಕೆಳಗಿನವು. ಜೋಡಿ ನಳಿಗೆಗೆ ಒಂದೇ ತೋಟೆ ತುಂಬುವ ಅಭ್ಯಾಸ ಯಾರಿಗಿದೆ? ಎರಡನ್ನೂ ತುಂಬಿ ಅಂಗಳದ ಅಂಚಿಗೆ ಹೋಗಿ ಆಕಾಶಕ್ಕೆ ಹೊಡೆದರು. ಒಂದು ಸಿಡಿಯಿತು. ಸಂತೋಷದ ಅವಸರದಲ್ಲಿ ಅವರ ಬೆರಳು ಎರಡನೆಯ ನಳಿಗೆಯ ಕುದುರೆಗೆ ಜಾರಿತು. ಇನ್ನೊಂದೂ ಸಿಡಿಯಿತು. ಎದುರು ಗುಡ್ಡಕ್ಕೆ ಬಡಿದ ಸದ್ದು ಹಿಂದಿರುಗಿ ಬಂದ ಮೇಲೆ ಇಡೀ ಕಣಿವೆಯಲ್ಲಿ ಉಸಿರಿಲ್ಲ.

"ಎರಡೂ ಹೋತ್," ಎಂದರು ಅಪ್ಪ, ಮಗುವಿನ ಹಾಗೆ.

"ಹೋಗ್ಲಿ ಬುಡು. ಇನ್ನೊಂದ್ ಹೊಡಿ, ಮೂರಾದರೆ ಸಾವಲ್ಲ ಅಂತ ಗೊತ್ತಾದೆ."

"ತೋಟೆ ಇಲ್ಲೆ ಅವ್ವ. ಪೆಟ್ಟಿಗೆಯ ಬೀಗದ ಕೈ ಅಪ್ಪನ ಹತ್ತಿರ ಉಟ್ಟು."

ಸಂತೋಷ ಎಂಥ ಕಿವುಡು! ಯಾರೂ ಆ ಸದ್ದಿನ ಬಗ್ಗೆ ಹೆಚ್ಚು ಯೋಚಿಸಲಿಲ್ಲ. ಅಜ್ಜಿ ಪಾಯಸಕ್ಕೆ ಬೆಲ್ಲ ಕುಟ್ಟಿದರು. ಚಿಕ್ಕವ್ವ ಬೇಲಿಯ ಸೇವಂತಿಗೆಯನ್ನೆಲ್ಲ ಕಿತ್ತು ತಲೆತುಂಬ ಮುಡಿದರು. ರೇಡಿಯೋ ಹಾಡುತ್ತಲೇ ಇತ್ತು. ಆಗ ಮೆಟ್ಟಿಲ ಕೆಳಗೆ ಮೊದಲ ಬಿಳಿ ಬಟ್ಟೆ ಕಾಣಿಸಿತು. ಚಿಣ್ಣಪ್ಪಜ್ಜನ ಮನೆಯವರು. ಅವರ ಹಿಂದೆ ಇನ್ನೊಂದು ಮನೆಯವರು. ಗಂಡಸರ ತಲೆ ಬರಿದು, ಹೆಂಗಸರ ತಲೆಯ ಮೇಲೆ ಬಿಳಿ ಸೆರಗು. ಅಳುತ್ತಾ ಮೆಟ್ಟಿಲು ಹತ್ತಿದವರು ಚಿಕ್ಕವ್ವನ ಹೂವನ್ನು ನೋಡಿ ಅಳುವನ್ನು ಬಾಯಲ್ಲೇ ಹಿಡಿದು ನಿಂತರು. ಅವರೆಲ್ಲರ ಹಿಂದೆ ಅಜ್ಜ ಬಂದರು. ಬಸ್ಸಿಳಿದು ಕಾಲುಹಾದಿಯಲ್ಲಿ ಬರುವಾಗ ತನ್ನದೇ ಮನೆಯ ದಿಕ್ಕಿನಿಂದ, ತನ್ನದೇ ಕೋವಿಯ ಸದ್ದು ಅವರಿಗೆ ಕೇಳಿಸಿತ್ತು. ತಾನಿಲ್ಲದಾಗ ಸರ್ಕಾರದ ಮಾತು ಬಂದು ಮುಟ್ಟಿದೆ ಎಂದು ನಂಬಿ, ಟೊಪ್ಪಿ ತೆಗೆದು ಕೈಯಲ್ಲಿ ಹಿಡಿದು, ಮಗನ ಸಾವಿಗೆ ಬರುವ ಹಾಗೆ ಅವರು ತಮ್ಮ ಮನೆಗೆ ನಡೆದು ಬಂದಿದ್ದರು. ಆ ಮುಖವನ್ನು ನಾನು ಈಗಲೂ ಪೂರ್ತಿ ನೆನಪಿಸಿಕೊಳ್ಳಲು ಹೋಗುವುದಿಲ್ಲ.

"ಯಾರ್ ಹೇಳ್ದ್?" ಎಂದರು.

"ರೇಡಿಯೋ, ಅಪ್ಪ. ಕುಶಾಲು ಬದ್ಕಿ ಒಳ. ಪಾರ್ವತಿಗೆ ಅಂತ ಹಾಡು ಕೇಳ್ಯುಟ್ಟು," ಎಂದರು ಅಪ್ಪ.

"ಯಾವ ರೇಡಿಯೋ?"

ಒಳಗಿನಿಂದ ಆ ನಗುವಿನ ದನಿಯೇ ಉತ್ತರ ಕೊಟ್ಟಿತು. ತಲೆನೋವೇ? ಒಂದು ಬೊಟ್ಟು ಸಾಕು!

ಅಜ್ಜ ಸಿಟ್ಟಾಗುತ್ತಾರೆ ಎಂದುಕೊಂಡೆ. ಆಗಲಿಲ್ಲ. ಚಿಕ್ಕವ್ವನ ಎದುರು ನಿಂತು, ಎಂದೂ ಇಲ್ಲದ ಮೆಲ್ಲನೆಯ ದನಿಯಲ್ಲಿ ಕೇಳಿದರು.

"ಮಗಾ, ಆ ಕಾರ್ಡು ಅಂವ ಯಾವಾಗ ಹಾಕಿದ್ದ್?"

ಚಿಕ್ಕವ್ವನ ಕೈ ತಲೆಯ ಹೂವಿಗೆ ಹೋಯಿತು.

"ರಜೆಲಿ ಬಂದಿದ್ದಾಗ... ಮಡಿಕೇರಿಲಿ... ಡಬ್ಬಿಗೆ ನಾನೇ ಹಾಕಿದ್ದ್, ಮಾವ."

"ಯುದ್ಧಭೂಮಿ ಅಂತ ಅದ್ರಲ್ಲಿ ಇತ್ತಾ?"

"ಇಲ್ಲೆ. ಸೈನಿಕ ಅಂತ ಮಾತ್ರ."

ಹೇಳಿದ ಚಿಕ್ಕವ್ವ ಹಾಗೇ ಮೆಟ್ಟಿಲ ಮೇಲೆ ಕೂತರು. ಯುದ್ಧಕ್ಕೆ ಮೊದಲಿನ ಹಳೆಯ ಕಾರ್ಡು. ಎಲ್ಲೋ ಕಂತೆಯಲ್ಲಿ ಬಿದ್ದಿದ್ದನ್ನು ಆ ಮಾತುಗಾರ ಎತ್ತಿಕೊಂಡು, ಸೈನಿಕ ಎಂಬ ಮಾತಿಗೆ ಯುದ್ಧಭೂಮಿಯ ಬಾಲ ಹಚ್ಚಿ ಓದಿದ್ದ. ಅವನಿಗೆ ನಮ್ಮ ಮೇಲೆ ಹಗೆಯಿರಲಿಲ್ಲ. ಕೇಳುವವರ ಕಿವಿ ಒಂದಿಷ್ಟು ನಿಮಿರಬೇಕು, ಆ ನಿಮಿರಿದ ಕಿವಿಗೆ ಮುಲಾಮು ಬೀಳಬೇಕು, ಅಷ್ಟೇ. ಆ ಹೆಸರಿನ ಹಿಂದೆ ಒಬ್ಬ ಮನುಷ್ಯ ಇದ್ದಾನೆಯೇ, ಅವನು ಈಗ ಎಲ್ಲಿದ್ದಾನೆ ಎಂದು ಕೇಳುವ ಕೆಲಸ ಅವನದಾಗಿರಲಿಲ್ಲ.

"ಅಣ್ಣ, ಈಗ ನಾವು ಎಂತ ಮಾಡುದು? ಅಳುದಾ, ಮನೆಗೆ ಹೋಗುದಾ?" ಎಂದು ಚಿಣ್ಣಪ್ಪಜ್ಜ ಕೇಳಿದರು. ಅದು ಕುಚೋದ್ಯವಾಗಿರಲಿಲ್ಲ. ಬಿಳಿ ಉಟ್ಟವರಿಗೆ ಪಾಯಸ ಕೊಡಬಹುದೇ ಎಂದು ಅಜ್ಜಿಗೂ ಗೊತ್ತಾಗಿರಲಿಲ್ಲ.

"ಹೋಗಿ. ಇಲ್ಲಿ ಯಾರೂ ಸತ್ತಿತ್ಲೆ. ಯಾರೂ ಬದ್ಕಿಯೂ ಬಂತ್ಲೆ."

ಆಮೇಲೆ ಅಜ್ಜ ಕೋವಿ ಒರೆಸಿ ಅದರ ಎರಡೂ ಬಾಯಿಗೆ ಬಟ್ಟೆ ತುರುಕಿ ಗೋಡೆಗೆ ಹಾಕಿದರು. ಅಪ್ಪನಿಗೆ ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಅಪ್ಪನಿಗೆ ಹಗುರವಾಗುತ್ತಿತ್ತು. ಚಿಕ್ಕವ್ವ ಮಾತ್ರ ಸೇವಂತಿಗೆ ಬಿಡಲಿಲ್ಲ. ದಿನವೂ ಒಂದು ಮುಡಿದರು. ಬೇಡ ಎನ್ನುವ ಧೈರ್ಯ ಯಾರಿಗೂ ಇರಲಿಲ್ಲ.

ಕಾಫಿ ಮೂಟೆ ಕಟ್ಟುವ ಹೊತ್ತಿಗೆ ಕೆಳರಸ್ತೆಯಲ್ಲಿ ಒಂದು ಜೀಪು ನಿಂತಿತು. ಕುತ್ತಿಗೆಗೆ ಮಫ್ಲರ್ ಸುತ್ತಿದ್ದ ಬಡಕಲು ಮನುಷ್ಯರೊಬ್ಬರು ಗುಡ್ಡ ಹತ್ತಿ ಬಂದರು. ಹಿಂದೆ ಡ್ರೈವರ್ ಹೆಗಲ ಮೇಲೆ ಒಂದು ಪೆಟ್ಟಿಗೆ. ಮೈಸೂರಿನಿಂದ, ಸರ್ಕಾರಿ ರೇಡಿಯೋದವರು. ಅವರ ಬಾಯಿಂದ ಅದೇ ಬಣ್ಣವಿಲ್ಲದ ಕನ್ನಡ ಬಂದಾಗ ಅಜ್ಜಿ ನನ್ನ ಕಿವಿಯಲ್ಲಿ, "ಹೊಟ್ಟೆನೋವಿನವನೇ ಬಂದುಟ್ಟು," ಎಂದರು.

"ಸುಬೇದಾರ್ ಸಾಹೇಬರೇ, ಕುಟ್ಟದ ಕಡೆಯ ಒಬ್ಬ ಸಿಪಾಯಿ ಹುಡುಗ ಆಸ್ಪತ್ರೆಯಲ್ಲಿದ್ದಾನೆ. ಸೈನಿಕರ ಕಾರ್ಯಕ್ರಮಕ್ಕೆ ಅಂತ ಅವನ ಮಾತು ರೆಕಾರ್ಡ್ ಮಾಡ್ಕೊಂಡ್ವಿ. ಅದರಲ್ಲಿ ನಿಮ್ಮ ಮಗನ ವಿಷಯ ಬರುತ್ತೆ. ಪಲ್ಟನ್ನಿಗೆ ತಿಳಿಸಿದೀವಿ, ಅವರ ಕಾಗದ ಬರೋದು ತಡ ಆಗಬಹುದು. ಪ್ರಸಾರ ಮಾಡಿಲ್ಲ. ಮೊದಲು ಮನೆಯವರು ಕೇಳಬೇಕು. ನೀವು ಬೇಡ ಅಂದ್ರೆ ಅಳಿಸಿಬಿಡ್ತೀವಿ."

"ಇಷ್ಟು ದೂರ ಇದ್ಕೇ ಬಂದದ್ದಾ?" ಎಂದರು ಅಜ್ಜ.

"ನಮ್ಮಲ್ಲಿ ಹಾಗೇ, ಸಾಹೇಬರೇ," ಎಂದರು ಅವರು, ಕೇಳಿದ್ದೇ ವಿಚಿತ್ರವೆಂಬಂತೆ.

ಪೆಟ್ಟಿಗೆಯನ್ನು ಜಗಲಿಯ ಮೇಲಿಟ್ಟು ಅದರ ಕೀಲಿ ತಿರುಗಿಸಿದರು. ಟೇಪಿನ ಸುರುಳಿಗಳು ಸುತ್ತತೊಡಗಿದವು. ಹರೆಯದ ದನಿ, ನಡುನಡುವೆ ಕೆಮ್ಮು. "ಕುಶಾಲಪ್ಪಣ್ಣ ನನ್ನ ಪಕ್ಕದಲ್ಲೇ ಇದ್ರು. ಹೊಟ್ಟೆಗೆ ಗುಂಡು ಬಿತ್ತು. ನೀರು ಕೇಳಿದ್ರು, ನನ್ನ ಬಾಟ್ಲಿಯ ನೀರು ಕಲ್ಲಾಗಿತ್ತು. ಮಂಜು ಕೆರೆದು ಬಾಯಿಗಿಟ್ಟೆ. ತಿಂದ್ರು. ಬೆಳಕಾಗೋ ಮೊದಲು ಹೋದ್ರು. ಅಗಿಯೋಕೆ ನೆಲ ಬಿಡ್ಲಿಲ್ಲ, ಕಲ್ಲು ಜೋಡಿಸಿ ಮುಚ್ಚಿದೆ. ಅವರ ಮನೆಯವರಿಗೆ ಯಾರಾದ್ರೂ ಹೇಳಿ, ಒಬ್ಬರೇ ಇರಲಿಲ್ಲ ಅಂತ." ಸುರುಳಿಯ ತುದಿ ಪಟಪಟ ಬಡಿಯಿತು. ಆ ಮನುಷ್ಯ ಅದನ್ನು ನಿಲ್ಲಿಸಿ, ಮಫ್ಲರ್ ಬಿಚ್ಚಿ ಮಡಿಲಲ್ಲಿಟ್ಟುಕೊಂಡು, ಏನೂ ಕೇಳದೆ ತಲೆ ತಗ್ಗಿಸಿ ಕೂತರು. ನಿಮಗೆ ಏನನಿಸುತ್ತಿದೆ ಎಂದು ಕೇಳಲಿಲ್ಲ. ಕೊನೆಗೆ ಚಿಕ್ಕವ್ವನೇ ಬಾಗಿಲ ಹಿಂದಿನಿಂದ ಹೊರಗೆ ಬಂದರು. ತಲೆಯ ಹೂವು ಕೈಯಲ್ಲಿತ್ತು.

"ಬೊತ್ತು, ಅಳಿಸ್ಬೇಡಿ. ರೇಡಿಯೋಲಿ ಹಾಕಿ. ಆ ದಿನ ಗುಂಡು ಕೇಳಿ ಊರಿನವೆಲ್ಲ ಬಂದಿದ್ದೊ. ಎಲ್ಲವೂ ಕೇಳ್ಲಿ."

ಪ್ರಸಾರದ ಸಂಜೆ ಅಂಗಳ ತುಂಬಿತ್ತು. ಅಜ್ಜ ರೇಡಿಯೋದ ಅಂಗಿ ತೆಗೆದರು. ಮನೆಯವರ ಒಪ್ಪಿಗೆಯಿಂದ ಇದನ್ನು ಕೇಳಿಸುತ್ತಿದ್ದೇವೆ ಎಂದು ಒಂದೇ ವಾಕ್ಯ, ಆಮೇಲೆ ಆ ಹುಡುಗನ ದನಿ. ಮುಗಿದ ಮೇಲೆ ಹಾಡು ಬರಲಿಲ್ಲ, ಯಾರೂ ಏನನ್ನೂ ಮಾರಲಿಲ್ಲ. ಸ್ವಲ್ಪ ಹೊತ್ತು ಬರಿಯ ಮೌನವನ್ನೇ ಕೇಳಿಸಿದರು. ರೇಡಿಯೋ ಕೆಟ್ಟಿತೇನೋ ಎಂದು ಒಂದು ಮಗು ಪಿಸುಗುಟ್ಟಿತು. ಅಜ್ಜ ಅಂಗಿ ತೊಡಿಸಿದರು. ಪೆಟ್ಟಿಗೆಯಿಂದ ತೋಟೆ ತೆಗೆದು ಕೋವಿಯ ಕೆಳಗೆ ಬಂದು ನಿಂತರು. ಕೈ ಮೇಲೆ ಹೋಯಿತು, ಬಟ್ಟೆ ತುರುಕಿದ ಬಾಯಿಯನ್ನು ಮುಟ್ಟಿತು, ಕೆಳಗಿಳಿಯಿತು.

"ಇದ್ ಒಮ್ಮೆ ಸುಳ್ಳ್ ಹೇಳಿ ಆತ್," ಎಂದರು. "ಇನ್ನು ಇದ್ ಹೇಳ್ದರೆ ಯಾರ್ ನಂಬುವೆ?"

ಅಪ್ಪ ಕಂಬ ಹಿಡಿದು ನಿಂತಿದ್ದರು. ಚಿಣ್ಣಪ್ಪಜ್ಜ ಅಂಗಳದ ಮೂಲೆಯಿಂದ ಎದ್ದರು. ಅವರ ಕೋವಿ ಅವರ ಹೆಗಲಲ್ಲಿತ್ತು.

"ನನ್ನದು ಇದುವರೆಗೆ ಸುಳ್ಳ್ ಹೇಳಿತ್ಲೆ, ಅಣ್ಣ. ತೋಟೆ ಇತ್ತ ಕೊಡಿ."

ಅಜ್ಜ ಕೊಟ್ಟರು. ಚಿಣ್ಣಪ್ಪಜ್ಜ ಅಂಗಳದ ಅಂಚಿಗೆ ಹೋಗಿ, ಅವಸರವಿಲ್ಲದೆ, ಒಂದು ಹೊಡೆದರು. ಇನ್ನೊಂದು ಹೊಡೆದರು. ಕೆಳಗೆ ರೈಟರ ಮನೆಯ ರೇಡಿಯೋ ಎಂದಿನಂತೆ ಜೋರಾಗಿ ಹಾಡುತ್ತಿತ್ತು. ಎರಡನೆಯ ಸದ್ದು ಎದುರು ಗುಡ್ಡಕ್ಕೆ ಬಡಿದು ಹಿಂದಿರುಗುವಷ್ಟರಲ್ಲಿ, ಆ ಹಾಡು ಅರ್ಧದಲ್ಲಿ ನಿಂತಿತು.